ಹೆಸರಿನೊಳಗಿನ ಗೌಡ

ಕೃಷ್ಣಾ ನದಿಯ ದಂಡೆಯ ಮೇಲೆ ಉದಗಾಂವ ಎಂಬ ಊರಿದೆ. ಇದು ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿದೆ. ಈ ಭಾಗದಲ್ಲಿ ಮರಾಠಿ ಮತ್ತು ಕನ್ನಡ ಭಾಷೆಗಳು ಅಕ್ಕತಂಗಿಯರಂತೆ ಬಾಳಿವೆ. ಆದ್ದರಿಂದ ಇಲ್ಲಿಯ ಜನರ ಹೆಸರುಗಳಲ್ಲಿಯೂ ಎರಡು ಭಾಷೆಗಳು ಕೂಡಿಕೊಂಡಿವೆ.

ಶಾಲೆಯ ಹಾಜರಿ ಪುಸ್ತಕವನ್ನು ನೋಡಿರಿ. ಮೊದಲು ವಿದ್ಯಾರ್ಥಿಯ ಹೆಸರು, ನಂತರ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಇರುತ್ತದೆ. ಉದಗಾವೆ, ಕುಂಭೋಜೆ ಎಂಬ ಅಡ್ಡಹೆಸರುಗಳು ಊರಿನಿಂದ ಬಂದಿವೆ. ಬಡಿಗೇರ, ಕುಂಬಾರ ಎಂಬವು ಕಸುಬಿನಿಂದ ಬಂದಿವೆ. ಪಾಟೀಲ, ಕುಲಕರ್ಣಿ ಎಂಬವು ಹಿರಿಯರು ಊರಿಗಾಗಿ ಮಾಡುತ್ತಿದ್ದ ಕೆಲಸದಿಂದ ಬಂದಿವೆ.

ಈಗ ಒಂದು ಅಪರೂಪದ ಹೆಸರನ್ನು ತಿಳಿಯೋಣ. ಕರ್ಮವೀರ ಭಾವುರಾವ ಪಾಟೀಲರ ಹೆಸರನ್ನು ನೀವು ಕೇಳಿದ್ದೀರಿ. ಅವರು 1887ರಲ್ಲಿ ಕೊಲ್ಹಾಪುರ ಜಿಲ್ಲೆಯ ಕುಂಭೋಜದಲ್ಲಿ ಹುಟ್ಟಿದರು. ಬಡವರ ಮಕ್ಕಳೂ ಕಲಿಯಬೇಕೆಂದು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಪೂರ್ಣ ಹೆಸರು ಭಾವುರಾವ ಪಾಯಗೊಂಡಾ ಪಾಟೀಲ. ಪಾಯಗೊಂಡಾ ಎಂಬುದು ಅವರ ತಂದೆಯ ಹೆಸರು.

ಈ ಹೆಸರಿನ ಕೊನೆಯಲ್ಲಿರುವ ‘ಗೊಂಡಾ’ ಎಂದರೇನು? ಅದು ನಮ್ಮ ‘ಗೌಡ’ ಎಂಬ ಕನ್ನಡ ಶಬ್ದವೇ. ಗೌಡ ಎಂದರೆ ಊರಿನ ಮುಖ್ಯಸ್ಥ. ಹಳೆಯ ಕನ್ನಡ ಶಾಸನಗಳಲ್ಲಿ ಇದು ‘ಗಾಮುಂಡ’, ‘ಗಾವುಂಡ’ ಎಂದು ಕಾಣುತ್ತದೆ. ಮುಂದೆ ಕನ್ನಡಿಗರ ಬಾಯಲ್ಲಿ ನಡುವಿನ ಅನುಸ್ವಾರ ಸವೆದು ‘ಗೌಡ’ ಎಂದಾಯಿತು. ಆದರೆ ‘ಗೊಂಡಾ’ ಎಂಬ ರೂಪದಲ್ಲಿ ಆ ಹಳೆಯ ಧ್ವನಿ ಇಂದಿಗೂ ಉಳಿದಿದೆ. ಪಾಟೀಲ ಎಂದರೂ ಊರಿನ ಮುಖ್ಯಸ್ಥನೇ. ಹೀಗೆ ‘ಪಾಯಗೊಂಡಾ ಪಾಟೀಲ’ ಎಂಬ ಹೆಸರಿನಲ್ಲಿ ಊರ ಹಿರಿಯನು ಎರಡು ಸಲ ಕುಳಿತಿದ್ದಾನೆ!

1872ರಲ್ಲಿ ಹುಟ್ಟಿದ ಜೈನ ಆಚಾರ್ಯ ಶಾಂತಿಸಾಗರರ ಮೊದಲಿನ ಹೆಸರು ಸಾತಗೌಡ. ಅವರ ತಂದೆಯ ಹೆಸರು ಭೀಮಗೌಡ. ಇಲ್ಲಿಯೂ ತಂದೆ ಮಗ ಇಬ್ಬರ ಹೆಸರಿನಲ್ಲಿ ಗೌಡನಿದ್ದಾನೆ.

ದೂರದ ದೇಶಗಳಲ್ಲಿಯೂ ಹೆಸರುಗಳು ಹೀಗೆಯೇ ಹುಟ್ಟಿವೆ. ಸ್ಕಾಟ್‌ಲೆಂಡಿನ ಗೇಲಿಕ್ ಭಾಷೆಯಲ್ಲಿ ‘ಮ್ಯಾಕ್’ ಎಂದರೆ ಮಗ. ‘ಮ್ಯಾಕಿಂಟೈರ್’ ಎಂದರೆ ಬಡಿಗನ ಮಗ. ‘ಮ್ಯಾಕಿಂತಾಷ್’ ಎಂದರೆ ಮುಖ್ಯಸ್ಥನ ಮಗ. ಅಂದರೆ ಅವನು ಅಲ್ಲಿಯ ಗೌಡರ ಮನೆಯವನು!

ಈಗ ಚಿಕ್ಕ ಮಕ್ಕಳಿಗೆ ಗೊಂಡಾ, ಗೌಡ ಎಂದು ಕೊನೆಗೊಳ್ಳುವ ಹೆಸರುಗಳನ್ನು ಇಡುವುದು ಕಡಿಮೆಯಾಗಿದೆ. ಅಜ್ಜನ ಹೆಸರನ್ನು ಕೇಳಿ ಕೆಲವರು ನಗುವುದೂ ಉಂಟು. ಹಾಗೆ ನಗಬಾರದು. ಹೊಸ ಹೆಸರು ಇಡುವುದು ತಪ್ಪಲ್ಲ. ಹಳೆಯ ಹೆಸರಿನ ಅರ್ಥವನ್ನು ಮರೆಯಬಾರದು. ಶಾಸನದ ಕಲ್ಲು ಎಲ್ಲ ಊರುಗಳಲ್ಲಿ ಸಿಗುವುದಿಲ್ಲ. ಆದರೆ ಹಿರಿಯರ ಹೆಸರು ಪ್ರತಿ ಮನೆಯಲ್ಲಿಯೂ ಇದೆ. ಅದನ್ನು ಕೇಳಿ ಬರೆದಿಟ್ಟರೆ ಮಾತ್ರ ಉಳಿಯುತ್ತದೆ.

ಶಬ್ದಾರ್ಥ
ದಂಡೆ – ನದಿಯ ತೀರ
ಕಸುಬು – ಉದ್ಯೋಗ
ಶಾಸನ – ಕಲ್ಲಿನ ಮೇಲೆ ಅಥವಾ ತಾಮ್ರದ ತಗಡಿನ ಮೇಲೆ ಕೊರೆದ ಬರಹ

ಅಭ್ಯಾಸ
1. ಅಡ್ಡಹೆಸರುಗಳು ಯಾವ ಯಾವ ಬಗೆಯಲ್ಲಿ ಬಂದಿವೆ?
2. ‘ಗೊಂಡಾ’ ಎಂಬುದರ ಹಳೆಯ ರೂಪ ಯಾವುದು?
3. ‘ಪಾಯಗೊಂಡಾ ಪಾಟೀಲ’ ಎಂಬ ಹೆಸರಿನ ವಿಶೇಷವೇನು?

ಉಪಕ್ರಮ: ನಿಮ್ಮ ಅಜ್ಜ, ಅಜ್ಜಿ, ಮುತ್ತಜ್ಜ, ಮುತ್ತಜ್ಜಿಯರ ಹೆಸರುಗಳನ್ನು ಮನೆಯಲ್ಲಿ ಕೇಳಿರಿ. ಅವುಗಳ ಅರ್ಥವನ್ನು ತಿಳಿದು ವಹಿಯಲ್ಲಿ ಬರೆಯಿರಿ.