ಒಳಗಾ, ಹೊರಗಾ? ಇಸ್ಪೀಟು ಎಲೆಗಳ ಹಿಂದಿನ ಲೆಕ್ಕ

ಇವತ್ತಿನ ಮಾತು ಇಸ್ಪೀಟಿನ ಬಗ್ಗೆ.

ಈ ವಿಷಯ ಆರಿಸಿಕೊಳ್ಳೋಕೆ ಕಾರಣ ನನ್ನ ಒಬ್ಬ ಗೆಳೆಯ. ಫೋನಿನಲ್ಲಿ ಅಂದರ್ ಬಾಹರ್ ಆಡ್ತಾ ಆಡ್ತಾ ಬೈಕಿನ ಇಎಂಐ ದುಡ್ಡು ಕಳ್ಕೊಂಡ. ಆಮೇಲೆ ನನ್ನ ಹತ್ರ ಕೇಳಿದ್ದು ಒಂದೇ ಪ್ರಶ್ನೆ: "ಮಗಾ, ಇರೋದು ಎರಡೇ ಬದಿ. ಚಾನ್ಸ್ ಅರ್ಧಕ್ಕರ್ಧ. ಆದ್ರೂ ಕೊನೆಗೆ ನಾನೇ ಯಾಕೆ ಸೋಲ್ತೀನಿ?" ಆ ಕ್ಷಣಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನ ಇವತ್ತು ನಿಮಗೆ ಹೇಳ್ತೀನಿ.

ಹಳೇ ಮೈಸೂರು ಕಡೆಯವರಿಗೆ ಅಂದರ್ ಬಾಹರ್ ಹೊಸದೇನಲ್ಲ. ಯುಗಾದಿ, ಹೊಸತೊಡಕು ಬಂತು ಅಂದ್ರೆ ಅರಳಿಕಟ್ಟೆ ಮೇಲೆ, ತೋಟದ ಮನೆಯಲ್ಲಿ ಎಲೆ ಬೀಳೋದನ್ನ ನಾನೂ ಚಿಕ್ಕವನಿದ್ದಾಗಿನಿಂದ ನೋಡಿದ್ದೀನಿ. ಆಟ ತುಂಬಾ ಸರಳ. ಪ್ಯಾಕಿನಿಂದ ಒಂದು ಎಲೆ ತೆಗೆದು ಮಧ್ಯೆ ಇಡ್ತಾರೆ, ಏಳು ಅಂತ ಇಟ್ಕೊಳ್ಳಿ. ಆಮೇಲೆ ಒಳಗೆ ಒಂದು, ಹೊರಗೆ ಒಂದು ಅಂತ ಎಲೆ ಹಾಕ್ತಾ ಹೋಗ್ತಾರೆ. ಇನ್ನೊಂದು ಏಳು ಯಾವ ಬದಿಗೆ ಮೊದಲು ಬೀಳುತ್ತೋ ಆ ಬದಿ ಗೆದ್ದಂಗೆ.

ನೋಡೋಕೆ ಅರ್ಧಕ್ಕರ್ಧ. ಲೆಕ್ಕ ಹಾಕಿದ್ರೆ ಹಾಗಿಲ್ಲ. ಮಧ್ಯದ ಎಲೆ ತೆಗೆದ ಮೇಲೆ ಉಳಿಯೋದು 51 ಎಲೆ, ಅದರಲ್ಲಿ ಏಳು ಮೂರು. ಮೊದಲ ಎಲೆಯೇ ಏಳಾಗುವ ಸಾಧ್ಯತೆ ಶೇ 5.88. ಆಟ ಎರಡನೇ ಎಲೆಗೆ ಹೋಗಿ ಅಲ್ಲಿ ಮುಗಿಯುವ ಸಾಧ್ಯತೆ ಶೇ 5.65. ಪ್ರತಿ ಜೋಡಿಯಲ್ಲೂ ಮೊದಲು ಎಲೆ ಬೀಳುವ ಬದಿ ಕೂದಲೆಳೆಯಷ್ಟು ಮುಂದಿರುತ್ತೆ. ಎಲ್ಲ ಕೂಡಿಸಿದರೆ ಆ ಬದಿ ಗೆಲ್ಲೋದು 100ಕ್ಕೆ ಸುಮಾರು 51.5 ಸಲ.

"ಹಾಗಾದ್ರೆ ಆ ಬದಿಗೇ ಕಟ್ಟಿದ್ರಾಯ್ತು!" ಅಂತೀರಾ? ಕ್ಯಾಸಿನೊದವರಿಗೂ ಇದು ಗೊತ್ತು. ಅದಕ್ಕೇ ಸಾಮಾನ್ಯವಾಗಿ ಆ ಬದಿ ಗೆದ್ದರೆ 100 ರೂಪಾಯಿಗೆ 90 ರೂಪಾಯಿ ಮಾತ್ರ ಕೊಡ್ತಾರೆ. ಇನ್ನೊಂದು ಬದಿಗೆ ಪೂರ್ತಿ 100 ಸಿಗುತ್ತೆ, ಆದ್ರೆ ಅದು ಗೆಲ್ಲೋದೇ ಕಮ್ಮಿ. ನೀವು ಒಳಗೆ ಕಟ್ಟಿ, ಹೊರಗೆ ಕಟ್ಟಿ, ಸರಾಸರಿ ಪ್ರತಿ 100 ರೂಪಾಯಿಗೆ ಎರಡರಿಂದ ಮೂರು ರೂಪಾಯಿ ಮನೆಗೆ ಹೋಗುತ್ತೆ. ನಿಮ್ಮ ಮನೆಗಲ್ಲ, ಆಟ ನಡೆಸೋರ ಮನೆಗೆ.

ಇದೇ ಸಣ್ಣ ಲೆಕ್ಕ ಕ್ಯಾಸಿನೊದ ದೊಡ್ಡ ಆಟಗಳಲ್ಲೂ ಇದೆ, ವೇಷ ಮಾತ್ರ ಬೇರೆ. ಬ್ಲ್ಯಾಕ್‌ಜಾಕ್ ತಗೊಳ್ಳಿ. ಎಲೆಗಳ ಮೊತ್ತ 21 ದಾಟದೆ ಅದಕ್ಕೆ ಹತ್ತಿರ ಹೋಗಬೇಕು, ಡೀಲರ್‌ಗಿಂತ ಮುಂದಿರಬೇಕು. ಇದರ ಅಜ್ಜನಂಥ ಆಟ ಸ್ಪೇನಿನಲ್ಲಿತ್ತು. ಡಾನ್ ಕಿಹೋಟೆ ಬರೆದ ಸೆರ್ವಾಂಟಿಸ್ 1613ರ ತನ್ನ ಕತೆಯೊಂದರಲ್ಲೇ 'ಇಪ್ಪತ್ತೊಂದು' ಆಟ ಆಡಿ ಮೋಸ ಮಾಡುವ ಹುಡುಗನನ್ನ ತಂದಿದ್ದಾನೆ. ಆಮೇಲೆ ಅದು ಫ್ರಾನ್ಸಿನಲ್ಲಿ ಬೆಳೆದು ಅಮೆರಿಕಕ್ಕೆ ಹೋಯ್ತು. 1931ರಲ್ಲಿ ನೆವಾಡಾ ರಾಜ್ಯ ಜೂಜಿಗೆ ಕಾನೂನಿನ ಒಪ್ಪಿಗೆ ಕೊಟ್ಟ ಮೇಲೆ ಕ್ಯಾಸಿನೊಗಳ ಮುಖ್ಯ ಆಟಗಳಲ್ಲಿ ಒಂದಾಯ್ತು.

ಇದರ ಆಕರ್ಷಣೆ ಏನು ಗೊತ್ತಾ? ಇಲ್ಲಿ ನಿರ್ಧಾರ ನಿಮ್ಮದು. ಇನ್ನೊಂದು ಎಲೆ ಬೇಕಾ, ಸಾಕಾ? 1956ರಲ್ಲಿ ಅಮೆರಿಕದ ಸೇನೆಯಲ್ಲಿದ್ದ ನಾಲ್ವರು ಮೇಜಿನ ಮೇಲಿನ ಕ್ಯಾಲ್ಕ್ಯುಲೇಟರ್‌ನಲ್ಲೇ ಲೆಕ್ಕ ಹಾಕಿ, ಯಾವ ಎಲೆಗೆ ಏನು ಮಾಡಬೇಕು ಅನ್ನೋದನ್ನ ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟಿಸಿದರು. 1962ರಲ್ಲಿ ಎಡ್ವರ್ಡ್ ಥಾರ್ಪ್ ಅನ್ನೋ ಗಣಿತಜ್ಞ ಕಂಪ್ಯೂಟರ್ ಬಳಸಿ, ಆಗಲೇ ಬಿದ್ದ ಎಲೆಗಳನ್ನ ನೆನಪಿಟ್ಟರೆ ಕ್ಯಾಸಿನೊವನ್ನೇ ಸೋಲಿಸಬಹುದು ಅಂತ ತೋರಿಸಿದ. ಕ್ಯಾಸಿನೊಗಳು ಸುಮ್ಮನೆ ಕೂರಲಿಲ್ಲ. ಒಂದು ಪ್ಯಾಕ್ ಇದ್ದ ಕಡೆ ಆರು, ಎಂಟು ಪ್ಯಾಕ್ ಸೇರಿಸಿದವು, ಬೇಗ ಬೇಗ ಕಲೆಸಿದವು. ಮೊದಲ ಎರಡೇ ಎಲೆಯಲ್ಲಿ 21 ಬಂದರೆ 100ಕ್ಕೆ 150 ಕೊಡ್ತಿದ್ದ ಎಷ್ಟೋ ಮೇಜುಗಳಲ್ಲಿ ಈಗ ಕೊಡೋದು 120.

ಇಷ್ಟಕ್ಕೂ ಮನೆಯವರ ಅಸಲಿ ಬಲ ಇರೋದು ಒಂದೇ ನಿಯಮದಲ್ಲಿ: ನೀವು ಮೊದಲು ಆಡಬೇಕು. ನೀವು 21 ದಾಟಿದರೆ ದುಡ್ಡು ಆಗಲೇ ಹೋಯ್ತು. ಆಮೇಲೆ ಡೀಲರ್ ಕೂಡ ದಾಟಿದರೂ ವಾಪಸ್ ಬರಲ್ಲ.

ಇನ್ನು ಬ್ಯಾಕರಾ. ಜೇಮ್ಸ್ ಬಾಂಡ್‌ನ ಮೊದಲ ಕಾದಂಬರಿ 'ಕ್ಯಾಸಿನೊ ರಾಯಲ್'ನಲ್ಲಿ ಬಾಂಡ್ ಆಡೋದು ಇದನ್ನೇ. 2006ರ ಸಿನಿಮಾದಲ್ಲಿ ಅದನ್ನ ಪೋಕರ್ ಮಾಡಿದರು. ಚೀನಾದ ಮಕಾವ್‌ನಲ್ಲಿ ಕ್ಯಾಸಿನೊಗಳ ಆದಾಯದ ದೊಡ್ಡ ಪಾಲು ಬರೋದು ಈ ಆಟದಿಂದ. ಇವತ್ತು ಹೆಚ್ಚಾಗಿ ನಡೆಯೋ ರೂಪದಲ್ಲಿ ಆಟಗಾರನ ನಿರ್ಧಾರವೇ ಇಲ್ಲ. 'ಬ್ಯಾಂಕರ್' ಅಥವಾ 'ಪ್ಲೇಯರ್', ಯಾವುದಕ್ಕೆ ಕಟ್ಟಬೇಕು ಅಷ್ಟೇ, ನಮ್ಮ ಒಳಗೆ-ಹೊರಗೆ ಥರ. ಆದ್ರೂ ಜನ ಹಿಂದೆ ಯಾವ ಬದಿ ಗೆದ್ದಿತ್ತು ಅಂತ ಪಟ್ಟಿ ಬರೀತಾ ಕೂರ್ತಾರೆ. ಬರೆಯೋಕೆ ಚೀಟಿ, ಪೆನ್ನು ಕ್ಯಾಸಿನೊದವರೇ ಕೊಡ್ತಾರೆ! ಆ ಪಟ್ಟಿಯಿಂದ ಗೆಲ್ಲೋಕೆ ಆಗೋ ಹಾಗಿದ್ರೆ ಕೊಡ್ತಿದ್ರಾ, ನೀವೇ ಹೇಳಿ.

ಹಾಗಂತ ಆಟದಲ್ಲಿ ಮಜಾ ಇಲ್ಲ ಅಂತ ನಾನು ಹೇಳಲ್ಲ. ಎಲೆ ತಿರುಗೋ ಆ ಒಂದು ಕ್ಷಣ ಎದೆ ಡವಡವ ಅನ್ನುತ್ತಲ್ಲ, ಅದು ನಿಜ. ಪಣಜಿಯಲ್ಲಿ ಮಾಂಡೋವಿ ನದಿ ಮೇಲೆ, ಅಂದ್ರೆ ನಮ್ಮ ಮಹದಾಯಿಯ ಮೇಲೆ, ತೇಲುವ ಕ್ಯಾಸಿನೊ ಹಡಗುಗಳಿಗೆ ಜನ ಹೋಗೋದು ಆ ಕ್ಷಣಕ್ಕಾಗಿ. ಆದ್ರೆ ಅಲ್ಲಿ ಎಲೆ ಕಲೆಸೋಕೆ, ಹಾಕೋಕೆ, ದುಡ್ಡು ಎಣಿಸೋಕೆ ಹೊತ್ತು ಹಿಡಿಯುತ್ತೆ. ಅರಳಿಕಟ್ಟೆಯಲ್ಲಂತೂ ಜಗಳಕ್ಕೂ ಒಂದಷ್ಟು ಹೊತ್ತು!

ಫೋನಿನಲ್ಲಿ ಆ ಬಿಡುವೇ ಇಲ್ಲ. ಗೆಳೆಯನ ಪ್ರಶ್ನೆಗೆ ಉತ್ತರ ಇಲ್ಲಿದೆ. ಪ್ರತಿ ಆಟಕ್ಕೆ 100 ರೂಪಾಯಿ, ಮನೆಯವರ ಪಾಲು ಶೇ 2.15 ಅಂತ ಇಟ್ಕೊಳ್ಳಿ. ಗಂಟೆಗೆ 60 ಆಟ ಆಡಿದರೆ ಸರಾಸರಿ ನಷ್ಟ 129 ರೂಪಾಯಿ. ಅದೇ ಗಂಟೆಯಲ್ಲಿ 300 ಆಟ ಆಡಿದರೆ 645. ಅವನು ದಡ್ಡ ಅಂತಲೋ, ಅವನ ನಸೀಬು ಸರಿ ಇಲ್ಲ ಅಂತಲೋ ಅಲ್ಲ, ಆಟದ ಸಂಖ್ಯೆ ಹೆಚ್ಚಾದಷ್ಟೂ ಲೆಕ್ಕ ತನ್ನ ಪಾಲು ವಸೂಲಿ ಮಾಡುತ್ತೆ. ಇದರ ಮೇಲೆ "ಹೋಗಿದ್ದನ್ನ ವಾಪಸ್ ತರ್ತೀನಿ" ಅಂತ ಬಾಜಿ ದುಪ್ಪಟ್ಟು ಮಾಡಿದರೆ ಮುಗೀತು. ಅವನು ಮಾಡಿದ್ದೂ ಅದನ್ನೇ.

ಕಾನೂನಿನ ಮಾತೂ ಹೇಳಿಬಿಡ್ತೀನಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನ ನಿಷೇಧಿಸುತ್ತೆ. ಅಂಥ ಆಟ ನಡೆಸೋರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ ಇದೆ. ಹಾಗಾಗಿ ಯಾರಾದ್ರೂ ಟೆಲಿಗ್ರಾಮಿನಲ್ಲಿ ಲಿಂಕ್ ಕಳಿಸಿ "ಇದು ಸೇಫ್ ಗುರೂ" ಅಂದ್ರೆ ನಂಬಬೇಡಿ.

ನಿಮಗೋ ನಿಮ್ಮ ಸ್ನೇಹಿತರಿಗೋ ಆಟ ಬಿಡೋಕೆ ಆಗ್ತಿಲ್ಲ ಅನ್ನಿಸಿದರೆ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆನ್‌ಲೈನ್ ಗೀಳಿಗೇ ಅಂತ ಶಟ್ ಕ್ಲಿನಿಕ್ ಇದೆ.

ನನ್ನ ಗೆಳೆಯ ಆ ಆ್ಯಪ್ ತೆಗೆದುಹಾಕಿದ್ದಾನೆ. ಇಎಂಐ ಇನ್ನೂ ಕಟ್ತಾ ಇದ್ದಾನೆ. ಮೊನ್ನೆ ಯುಗಾದಿಗೆ ಊರಿಗೆ ಹೋದಾಗ ಅರಳಿಕಟ್ಟೆ ಮುಂದೆ ಇಬ್ಬರೂ ನಿಂತಿದ್ವಿ. ಯಾರೋ ಕೂಗಿ ಕೇಳಿದರು, "ಒಳಗಾ, ಹೊರಗಾ?"

"ನಾನು ಹೊರಗೆ ಅಣ್ಣ," ಅಂದ ಇವನು. "ಆಟದಿಂದಲೇ ಹೊರಗೆ."

ಮುಂದಿನ ವಾರ ಸಿಗೋಣ.