ಗೆರೆ ಮೂಡಿದ ಮರದ ಲೇಖನಿ: ಕಚ್ಚಾವಸ್ತು ಪುಕ್ಕಟೆಯಲ್ಲ

ಚನ್ನಗಿರಿಯ ವ್ಯಾಪಾರವೆಂದೊಡನೆ ಅಡಿಕೆಯೇ ನೆನಪಿಗೆ ಬರುವುದು ಸಹಜ. ಆದರೆ ತೋಟದಂಚಿನಲ್ಲಿ ಮಳೆಗೆ ನೆನೆದು ಸೌದೆಯ ಪಾಲಾಗುವ ಮಾವಿನ ದಿಮ್ಮಿಯೂ ಸಣ್ಣ ಉದ್ದಿಮೆಯೊಂದಕ್ಕೆ ಕಚ್ಚಾವಸ್ತುವಾಗಬಲ್ಲದು. ತೇವಗೊಂಡ ಮರದಲ್ಲಿ ಶಿಲೀಂಧ್ರಗಳು ಬೆಳೆದು, ಒಂದು ಮತ್ತೊಂದಕ್ಕೆ ಎದುರಾದೆಡೆ ಕಪ್ಪು ಗಡಿರೇಖೆಗಳನ್ನು ಮೂಡಿಸುತ್ತವೆ. ಇಂತಹ ಮರವನ್ನು 'ಸ್ಪಾಲ್ಟೆಡ್' ಮರವೆನ್ನುವರು. ಒಂದರ ಚಿತ್ತಾರ ಇನ್ನೊಂದರಲ್ಲಿ ಇರದ ಕಾರಣ, ಇದರಿಂದ ಕಡೆದ ಲೇಖನಿಗಳಿಗೆ ಉಡುಗೊರೆಯ ಮಾರುಕಟ್ಟೆಯಲ್ಲಿ ವಿಶೇಷ ಆಕರ್ಷಣೆಯಿದೆ.

ತಯಾರಿಕೆಯ ಹಂತಗಳು

ಗೆರೆಗಳು ಮೂಡಿದ ಕೂಡಲೇ ಮರವನ್ನು ಸೀಳಿ ಒಣಗಿಸತಕ್ಕದ್ದು. ತಡವಾದರೆ ಅದು ಪೂರ್ಣ ಕೊಳೆಯುತ್ತದೆ. ತೇವಾಂಶವು ಸುಮಾರು ಶೇ. 20ಕ್ಕಿಂತ ಕೆಳಗಿಳಿದಾಗ ಶಿಲೀಂಧ್ರದ ಬೆಳವಣಿಗೆ ನಿಲ್ಲುತ್ತದೆ. ಲೇಖನಿಗೆ ಇನ್ನೂ ಒಣಗಿದ, ಸುಮಾರು ಶೇ. 10ರ ಮರ ಲೇಸು. ತುಂಡಿನ ನಡುವೆ ರಂಧ್ರ ಕೊರೆದು, ಹಿತ್ತಾಳೆಯ ಕೊಳವೆಯನ್ನು ಅಂಟಿಸಿ, ಲೇತಿನಲ್ಲಿ ಹರಿತವಾದ ಉಳಿಯಿಂದ ಕಡೆಯಲಾಗುತ್ತದೆ. ಮೆದುವಾದ ಭಾಗಗಳಿಗೆ ತೆಳು ಅಂಟನ್ನು ಹೀರಿಸಿ ಗಟ್ಟಿಗೊಳಿಸಿ, ಉಜ್ಜುಕಾಗದದಿಂದ ನಯಗೊಳಿಸಿ, ಮೆರುಗು ಕೊಡಲಾಗುತ್ತದೆ. ಇದರ ಧೂಳು ಶ್ವಾಸಕೋಶಕ್ಕೆ ಹಾನಿಕರವಾದುದರಿಂದ ಕೆಲಸಗಾರರಿಗೆ ಮುಖಗವಸು ಕಡ್ಡಾಯವಾಗಿರಲಿ.

ಮೆರುಗಿನ ವಿಷಯದಲ್ಲಿ ಚನ್ನಪಟ್ಟಣದ ಮಾದರಿ ನಮ್ಮ ಕಣ್ಣೆದುರೇ ಇದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಹರಡುತ್ತದೆ. ಆದರೆ ಬಣ್ಣದ ಅರಗು ಗೆರೆಗಳನ್ನೇ ಮುಚ್ಚುವುದರಿಂದ ಇಲ್ಲಿ ಪಾರದರ್ಶಕ ಲೇಪವೇ ಸೂಕ್ತ. ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಗುರುತಿನ ರಕ್ಷಣೆ ಇರುವ ಕಾರಣ, ಬೇರೆಡೆ ತಯಾರಾದ ಸರಕಿಗೆ ಆ ಹೆಸರನ್ನು ಬಳಸಲಾಗದು.

ವೆಚ್ಚದ ಲೆಕ್ಕ

ಸೌದೆಯ ರಾಶಿಯಿಂದ ಬಂದ ಮರಕ್ಕೆ ಬೆಲೆಯಿಲ್ಲವೆಂದು ಭಾವಿಸುವುದೇ ಈ ಉದ್ದಿಮೆಯ ದೊಡ್ಡ ತಪ್ಪು. ಉದಾಹರಣೆಗೆ, ಮರ, ಸೀಳುವಿಕೆ, ಒಣಗಿಸುವಿಕೆ ಮತ್ತು ಕೊರೆಯುವಿಕೆ ಸೇರಿ ತುಂಡೊಂದಕ್ಕೆ 40 ರೂ. ತಗಲುವುದೆಂದು ಇಟ್ಟುಕೊಳ್ಳೋಣ. 100 ತುಂಡುಗಳಿಗೆ 4,000 ರೂ. ಅವುಗಳಲ್ಲಿ 20 ಒಡೆದುಹೋದರೆ ಉಳಿದ 80ರ ತಲಾ ವೆಚ್ಚ 50 ರೂ. 40 ರೂ. ಎಂದೇ ಬೆಲೆ ಕಟ್ಟಿದವರು ಪ್ರತಿ ಲೇಖನಿಯಲ್ಲೂ 10 ರೂ. ಕಳೆದುಕೊಳ್ಳುವರು, 500 ಲೇಖನಿಗಳಿಗೆ ಅದು 5,000 ರೂ. ಲೋಹದ ಬಿಡಿಭಾಗ, ಕೂಲಿ, ಮೆರುಗಿನ ವೆಚ್ಚ ಪ್ರತ್ಯೇಕ.

ಸಹಜ ನಷ್ಟವನ್ನು ಒಳ್ಳೆಯ ಸರಕಿನ ಮೇಲೆ ಹಂಚಬೇಕು. ದಾಸ್ತಾನು ಮೌಲ್ಯಮಾಪನದ ಲೆಕ್ಕಪತ್ರ ಮಾನಕ-2ರ ಪ್ರಕಾರ ಅಸಹಜ ನಷ್ಟವನ್ನು ದಾಸ್ತಾನಿನ ಬೆಲೆಗೆ ಸೇರಿಸದೆ ಆ ಅವಧಿಯ ಖರ್ಚಾಗಿ ತೋರಿಸಬೇಕು. ಕೊರೆಯುವ ಮುನ್ನವೇ ಪೊಳ್ಳು ತುಂಡನ್ನು ತೆಗೆದಿರಿಸಿದರೆ ಕೊಳವೆಯೂ ಕೂಲಿಯೂ ಉಳಿಯುತ್ತವೆ.

ಮರದ ಖರೀದಿಗೆ ರಸೀದಿಯನ್ನೂ, ಅಗತ್ಯವಿರುವ ಜಾತಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಹಾಗೂ ಸಾಗಣೆ ರಹದಾರಿಯನ್ನೂ ಕಾಪಾಡಿಕೊಳ್ಳುವುದು ಕ್ಷೇಮ. ಒಡೆದ ತುಂಡುಗಳ ಸಂಖ್ಯೆಯನ್ನು ಪ್ರತಿದಿನ ಬರೆದಿಡುವ ಒಂದು ಪುಸ್ತಕವಿದ್ದರೆ, ಬೆಲೆ ಕಟ್ಟುವ ಕೆಲಸ ಊಹೆಗೆ ಬಿಟ್ಟದ್ದಾಗುವುದಿಲ್ಲ.