ಲೇಸರ್ ಯಂತ್ರ ಬರುವ ಮೊದಲು ಹೊಗೆಗೆ ದಾರಿ ಮಾಡಿ

ಶಾಲಾ ವಾರ್ಷಿಕೋತ್ಸವದ ಸ್ಮರಣಿಕೆಗಳ ಮೇಲೆ ಈಗ ಕನ್ನಡದ ಒತ್ತಕ್ಷರಗಳೂ ಅಚ್ಚುಕಟ್ಟಾಗಿ ಮೂಡುತ್ತವೆ. ಮರದ ಹಲಗೆ, ಅಕ್ರಿಲಿಕ್, ತೆಂಗಿನ ಗೆರಟೆ, ಅಡಿಕೆ ಹಾಳೆ ಹೀಗೆ ಹಲವು ವಸ್ತುಗಳ ಮೇಲೆ ಹೆಸರು ಕೆತ್ತುವ ಲೇಸರ್ ಯಂತ್ರದ ಕೆಲಸವಿದು. ಹಿಂದೆ ಪೇಟೆಯ ಅಂಗಡಿಗಳಲ್ಲಿ ಮಾತ್ರ ಕಾಣುತ್ತಿದ್ದ ಯಂತ್ರ ಈಗ ಮೇಜಿನ ಮೇಲೆ ಇಡುವಷ್ಟು ಚಿಕ್ಕದಾಗಿದೆ, ಬೆಲೆಯೂ ಇಳಿದಿದೆ. ವೃತ್ತಿ ಪರಿಚಯ ಮೇಳಕ್ಕೆ ತಯಾರಾಗುವ ಮಕ್ಕಳಿಗೆ ಇದರ ಮೇಲೆ ಆಸೆ. ಶಾಲೆಗೆ ಏನಾದರೂ ಕೊಡುಗೆ ಕೊಡಬೇಕೆನ್ನುವ ಹಳೆ ವಿದ್ಯಾರ್ಥಿಗಳಿಗೂ ಇದು ಹಿಡಿಸುತ್ತದೆ. ಕಲಿಕೆಗೆ ಒಳ್ಳೆಯ ಸಾಧನ, ಬೇಡವೆನ್ನಬೇಕಾಗಿಲ್ಲ. ಆದರೆ ಹಣ ಕೊಡುವ ಮೊದಲು ಹೆತ್ತವರು ಒಂದು ಪ್ರಶ್ನೆ ಕೇಳಲೇಬೇಕು: ಇದರ ಹೊಗೆ ಎಲ್ಲಿಗೆ ಹೋಗುತ್ತದೆ?

ಲೇಸರ್ ಉಳಿಯಂತೆ ಕೆತ್ತುವುದಿಲ್ಲ, ಸುಡುತ್ತದೆ. ದೊಡ್ಡ ಯಂತ್ರಗಳಲ್ಲಿರುವ ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಡುಹಿಡಿದವರು ಭಾರತದಲ್ಲೇ ಹುಟ್ಟಿದ ಸಿ. ಕುಮಾರ್ ಪಟೇಲ್. ಅದರ ಕಿರಣ ಕಣ್ಣಿಗೆ ಕಾಣುವುದಿಲ್ಲ. ಬಿದ್ದ ಜಾಗದಲ್ಲಿ ವಸ್ತು ಕ್ಷಣದಲ್ಲಿ ಆವಿಯಾಗುತ್ತದೆ. ಅಕ್ಷರದ ಗುಂಡಿಯಿಂದ ಮಾಯವಾದದ್ದೆಲ್ಲ ಅನಿಲವಾಗಿಯೋ ನವಿರಾದ ಕಣವಾಗಿಯೋ ಕೋಣೆಯ ಗಾಳಿಯಲ್ಲಿರುತ್ತದೆ.

ಯಾವ ವಸ್ತುವಿಗೆ ಎಂಥ ಹೊಗೆ

ಮರ, ಗೆರಟೆ, ಹಾಳೆಗಳ ಹೊಗೆ ನಮ್ಮ ಒಲೆಯ ಹೊಗೆಯಂಥದ್ದು. ಪರಿಚಿತವೆಂದು ಅದು ನಿರುಪದ್ರವಿಯಲ್ಲ. ಉಬ್ಬಸವಿರುವ ಮಗುವಿಗೆ ಅದೇ ಸಾಕು. ಎಂಡಿಎಫ್ ಹಲಗೆಯಲ್ಲಿ ಮರದ ನಾರನ್ನು ಅಂಟಿನಿಂದ ಒತ್ತಿರುತ್ತಾರೆ. ಅದು ಸುಟ್ಟಾಗ ಬರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗುರುತಿಸಿದೆ. ಅಕ್ರಿಲಿಕ್‌ನ ಆವಿ ಮೂಗು, ಗಂಟಲು ಉರಿಸುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಪಿವಿಸಿ. ಅದನ್ನು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊರಬರುತ್ತದೆ. ತೇವ ತಗಲಿದರೆ ಅದು ಹೈಡ್ರೋಕ್ಲೋರಿಕ್ ಆಮ್ಲ. ಶ್ವಾಸಕೋಶದಲ್ಲಿ ತೇವಕ್ಕೆ ಕೊರತೆಯಿಲ್ಲ. ಯಂತ್ರದ ಕಬ್ಬಿಣವೂ ತುಕ್ಕು ಹಿಡಿಯುತ್ತದೆ. ಮಕ್ಕಳು ಶಾಲೆಗೆ ತರುವ ಉಳಿಕೆ ವಸ್ತುಗಳಲ್ಲಿ ಪಿವಿಸಿ ಬಹಳ: ಫ್ಲೆಕ್ಸ್ ಬ್ಯಾನರಿನ ತುಂಡು, ರೆಕ್ಸಿನ್, ನೀರಿನ ಪೈಪು, ಹಳೆಯ ಗುರುತಿನ ಚೀಟಿ, ವಿನೈಲ್ ಸ್ಟಿಕ್ಕರ್. ಇವನ್ನು ಎಷ್ಟೇ ಒಳ್ಳೆಯ ಫ್ಯಾನ್ ಇದ್ದರೂ ಲೇಸರಿಗೆ ಹಾಕಬಾರದು. ಏನೆಂದು ಗೊತ್ತಿಲ್ಲದ ಪ್ಲಾಸ್ಟಿಕ್ ಕೂಡ ಬೇಡ.

ಹೊಗೆ ಹೊರಹಾಕುವ ಕ್ರಮ

ಕಿಟಕಿ ತೆರೆದು ಸೀಲಿಂಗ್ ಫ್ಯಾನ್ ಹಾಕಿದರೆ ಸಾಕೆಂದು ಹಲವರು ಭಾವಿಸುತ್ತಾರೆ. ಫ್ಯಾನ್ ಹೊಗೆಯನ್ನು ಹೊರಗೆ ಕಳಿಸುವುದಿಲ್ಲ, ಎಲ್ಲ ಬೆಂಚುಗಳಿಗೂ ಹಂಚುತ್ತದೆ. ಹೊಗೆಯನ್ನು ಹುಟ್ಟಿದಲ್ಲೇ ಹಿಡಿಯಬೇಕು. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ತರಗತಿಯಲ್ಲಿ 4,000 ಘನ ಅಡಿ ಗಾಳಿ ಇರುತ್ತದೆ. ನಿಮಿಷಕ್ಕೆ 200 ಘನ ಅಡಿ ಎಳೆಯುವ ಎಕ್ಸಾಸ್ಟ್ ಫ್ಯಾನಿಗೆ ಅಷ್ಟು ಗಾಳಿ ಸಾಗಿಸಲು 20 ನಿಮಿಷ ಬೇಕು. ಅದೇ ಫ್ಯಾನನ್ನು 3 ಅಡಿ ಉದ್ದ, 2 ಅಡಿ ಅಗಲ, 1 ಅಡಿ ಎತ್ತರದ ಮುಚ್ಚಿದ ಯಂತ್ರಕ್ಕೆ ಜೋಡಿಸಿದರೆ ಒಳಗಿನ 6 ಘನ ಅಡಿ ಗಾಳಿ ಸುಮಾರು 2 ಸೆಕೆಂಡಿನಲ್ಲಿ ಬದಲಾಗುತ್ತದೆ. ಪೈಪಿನಲ್ಲಿ ವೇಗ ಸ್ವಲ್ಪ ಕುಂದಿದರೂ ವ್ಯತ್ಯಾಸ ದೊಡ್ಡದೇ. ಆದ್ದರಿಂದ ಮುಚ್ಚಳವಿಲ್ಲದ ಅಗ್ಗದ ಯಂತ್ರ ಶಾಲೆಗೆ ತಕ್ಕದ್ದಲ್ಲ. ಅದರಿಂದ ಕಣ್ಣಿಗೂ ಅಪಾಯ.

ಫ್ಯಾನ್ ಇರಬೇಕಾದದ್ದು ಪೈಪಿನ ಹೊರತುದಿಯಲ್ಲಿ, ಗೋಡೆ ಅಥವಾ ಕಿಟಕಿಯ ಬಳಿ. ಆಗ ಇಡೀ ಪೈಪು ಒಳಕ್ಕೆ ಎಳೆಯುತ್ತಿರುತ್ತದೆ, ಎಲ್ಲಾದರೂ ತೂತಿದ್ದರೆ ಕೋಣೆಯ ಗಾಳಿ ಪೈಪಿಗೆ ಹೋಗುತ್ತದೆ. ಫ್ಯಾನ್ ಯಂತ್ರದ ಪಕ್ಕದಲ್ಲಿದ್ದರೆ ಪೈಪು ದೂಡಿಸಿಕೊಳ್ಳುತ್ತದೆ, ಪ್ರತಿಯೊಂದು ತೂತಿನಿಂದಲೂ ಹೊಗೆ ಕೋಣೆಗೆ ಬರುತ್ತದೆ. ಪೈಪು ಗಿಡ್ಡವಾಗಿ, ಆದಷ್ಟು ನೇರವಾಗಿರಲಿ. ಎದುರು ಬದಿಯ ಕಿಟಕಿ ತೆರೆದಿರಲಿ. ಒಳಗೆ ಗಾಳಿ ಬಾರದಿದ್ದರೆ ಹೊರಗೆ ಹೋಗುವುದೂ ಇಲ್ಲ. ಕೆಲಸಕ್ಕೆ ಮೊದಲೇ ಫ್ಯಾನ್ ಹಾಕಿ, ಮುಗಿದ ಮೇಲೂ ಮುಚ್ಚಳ ತೆರೆಯದೆ ಕೆಲವು ನಿಮಿಷ ಓಡಿಸಬೇಕು. ಪರೀಕ್ಷೆ ಸುಲಭ: ಯಂತ್ರ ಆಫ್ ಇರುವಾಗ ಫ್ಯಾನ್ ಮಾತ್ರ ಹಾಕಿ, ದೊಡ್ಡವರೊಬ್ಬರು ಮುಚ್ಚಳದ ಸಂದಿಗೆ ಊದುಬತ್ತಿ ಹಿಡಿಯಲಿ. ಹೊಗೆ ಒಳಕ್ಕೆ ಎಳೆದುಕೊಂಡರೆ ಸರಿ, ಕೋಣೆಯತ್ತ ತೇಲಿದರೆ ಸರಿಯಿಲ್ಲ.

ಮುರಕಲ್ಲಿನ ಗೋಡೆ ಕೊರೆಯಬೇಕೆಂದಿಲ್ಲ. ಕಿಟಕಿಗೆ ಪ್ಲೈವುಡ್ ಹಲಗೆ ಹೊಂದಿಸಿ ಅದರಲ್ಲಿ ಫ್ಯಾನ್ ಕೂರಿಸಬಹುದು. ಆದರೆ ಪಕ್ಕದ ತರಗತಿಯ ಕಿಟಕಿ, ಜಗಲಿ, ಬಿಸಿಯೂಟದ ಅಡುಗೆಕೋಣೆ, ಬಾವಿಕಟ್ಟೆಗಳ ಕಡೆಗೆ ಹೊಗೆ ಬಿಡಬಾರದು. ನಮ್ಮಲ್ಲಿ ಮಳೆಗಾಲದ ಗಾಳಿ ಕಡಲ ಕಡೆಯಿಂದ ಬೀಸುತ್ತದೆ. ಪಶ್ಚಿಮಕ್ಕೆ ಬಾಯಿಟ್ಟ ಪೈಪಿನಿಂದ ಜೂನ್ ತಿಂಗಳಲ್ಲಿ ಹೊಗೆಯೂ ನೀರೂ ಹಿಂದಕ್ಕೆ ಬರುತ್ತವೆ. ಬೇರೆ ದಿಕ್ಕು ಆರಿಸಿ, ಮಳೆಗೆ ಮರೆ ಕಟ್ಟಿ, ಫ್ಯಾನ್ ನಿಂತಾಗ ತಾನೇ ಮುಚ್ಚಿಕೊಳ್ಳುವ ರೆಕ್ಕೆ ಹಾಕಿಸಬೇಕು.

ಫಿಲ್ಟರ್ ಪೆಟ್ಟಿಗೆ ಮಾರುವವರೂ ಇದ್ದಾರೆ. ಅದರಲ್ಲಿ ಕಣಗಳನ್ನು ಹಿಡಿಯುವುದು ಒಂದು ಪದರ, ಅನಿಲ ಹೀರುವುದು ಇದ್ದಿಲಿನ ಇನ್ನೊಂದು ಪದರ. ಇದ್ದಿಲು ತುಂಬಿದ ಮೇಲೆ ಹೀರುವುದಿಲ್ಲ. ಪ್ರತಿ ವರ್ಷ ಅದನ್ನು ಬದಲಿಸಲು ಹಣ ಎಲ್ಲಿಂದ ಎಂದು ಮೊದಲೇ ಕೇಳಬೇಕು. ಎನ್-95 ಮಾಸ್ಕ್ ಕಣ ತಡೆಯುತ್ತದೆ, ಅನಿಲವನ್ನು ತಡೆಯುವುದಿಲ್ಲ. ಪೈಪಿನೊಳಗೆ ಕೂರುವ ಮಸಿಗೆ ಬೆಂಕಿ ಹಿಡಿಯಬಹುದು, ಆಗಾಗ ತೆಗೆಯಬೇಕು. ಯಂತ್ರ ಓಡುವಾಗ ಅಧ್ಯಾಪಕರು ಪಕ್ಕ ಬಿಟ್ಟು ಹೋಗಬಾರದು, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಬೇಕು.

ಎಚ್ಚರಿಕೆ ಕನ್ನಡದಲ್ಲಿರಲಿ

ಯಂತ್ರದ ಕೈಪಿಡಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಮಾರಿದವನು ಹೇಳಿಕೊಡುವುದು ಮಲಯಾಳದಲ್ಲಿ. ನಾನು ಕನ್ನಡದಲ್ಲೂ ತಮಿಳಿನಲ್ಲೂ ಶಾಲೆ ಕಲಿತವನು. 'ಅಪಾಯ' ಎಂಬ ಒಂದು ಪದ ಕನ್ನಡ, ಮಲಯಾಳ, ತಮಿಳು ಮೂರರಲ್ಲೂ ಅರ್ಥವಾಗುತ್ತದೆ. ಆದರೆ ಅಪಾಯ ಇದೆ ಎಂದು ತಿಳಿದ ಮಗು ಏನು ಮಾಡಬೇಕು, ಏನು ಮಾಡಬಾರದು ಎಂಬುದಕ್ಕೆ ಆ ಒಂದು ಪದ ಸಾಲದು. ಫ್ಲೆಕ್ಸ್ ತುಂಡು ಹಾಕಬೇಡ, ಮುಚ್ಚಳ ತೆರೆಯಬೇಡ, ಗಂಟಲು ಉರಿದರೆ ಕೂಡಲೇ ಹೊರಗೆ ಹೋಗು ಎಂಬ ಮಾತುಗಳು ಮಗು ಓದುವ ಭಾಷೆಯಲ್ಲಿ ಗೋಡೆಯ ಮೇಲಿರಬೇಕು.

ಗಾಳಿ ಏನನ್ನು ಹೊತ್ತು ತರಬಹುದೆಂದು ಈ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದು ಎರಡು ದಶಕಕ್ಕೂ ಹೆಚ್ಚು ಕಾಲ. ಅದರ ಮುಂದೆ ಶಾಲೆಯ ಒಂದು ಯಂತ್ರದ ಹೊಗೆ ತೀರ ಸಣ್ಣದು. ಆದರೂ ಆ ಗಾಳಿ ಉಸಿರಾಡುವವರು ಮೊದಲೇ ಪ್ರಶ್ನೆ ಕೇಳುವ ಅಭ್ಯಾಸ ನಮ್ಮಲ್ಲಿ ಉಳಿಯಬೇಕು.

ಮುಂದಿನ ಪಿಟಿಎ ಸಭೆಯಲ್ಲಿ ಕೇಳಿ: ಯಂತ್ರಕ್ಕೆ ಮುಚ್ಚಳ ಇದೆಯೇ? ಪೈಪು ಎಲ್ಲಿಗೆ ಹೋಗುತ್ತದೆ? ಯಾವ ವಸ್ತುಗಳಿಗೆ ನಿಷೇಧ? ನೋಡಿಕೊಳ್ಳುವ ಅಧ್ಯಾಪಕರು ಯಾರು? ಫ್ಯಾನಿಗೆ ಹಣ ಸಾಲದಿದ್ದರೆ ಪಂಚಾಯತಿಗೆ ಅರ್ಜಿ ಕೊಡಿ, ಕನ್ನಡದಲ್ಲೇ ಕೊಡಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಆ ಹಕ್ಕು ಕೊಟ್ಟಿದೆ. ಯಂತ್ರದ ಬಿಲ್ಲಿನಲ್ಲೇ ಫ್ಯಾನ್ ಮತ್ತು ಪೈಪಿನ ಖರ್ಚೂ ಸೇರಿರಲಿ. ಅದಕ್ಕೆ ಹಣ ಕೂಡಿಬರುವ ತನಕ ಯಂತ್ರ ಪೆಟ್ಟಿಗೆಯಲ್ಲೇ ಇದ್ದರೆ ಮಕ್ಕಳಿಗೆ ನಷ್ಟವೇನೂ ಇಲ್ಲ.